ಸ್ವಂತ ತೋಟದಂಚಿನಲ್ಲಿ ದರಕು (ಒಣ ಎಲೆ) ಸುಡುವುದಕ್ಕೂ ಕೇಳಬೇಕಾ? ಬೇಸಿಗೆ ಬೆಂಕಿಯ ಕಾನೂನು, ಎಚ್ಚರಿಕೆ

ತೋಟದಂಚು (ಸಿದ್ದಾಪುರ) · ಭಾನುವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಇವತ್ತು ನಮ್ಮಲ್ಲಿ ಆದದ್ದನ್ನು ಮೊದಲು ಹೇಳಿಬಿಡುತ್ತೇನೆ, ಪ್ರಶ್ನೆ ಆಮೇಲೆ.

ಅಪ್ಪನ ಮೊಣಕಾಲು ನೋವು ಜಾಸ್ತಿಯಾದ ಮೇಲೆ ಎರಡು ವರ್ಷದಿಂದ ತೋಟ ನಾನೇ ನೋಡಿಕೊಳ್ಳುತ್ತಿದ್ದೇನೆ. ತೋಟದ ಮೇಲ್ಗಡೆ ಧರೆಯಂಚಿನಲ್ಲಿ ಒಣ ಸೋಗೆ (ಅಡಿಕೆ ಗರಿ), ದರಕು, ಕಡಿದು ಹಾಕಿದ ಮುಳ್ಳುಕಂಟಿ ಎಲ್ಲ ರಾಶಿ ಬಿದ್ದಿತ್ತು. ಹಾವಿನ ಹೆದರಿಕೆ ಬೇರೆ. ಕೊಟ್ಟಿಗೆ ಕೆಲಸ, ಆಸರಿ ಎಲ್ಲ ಮುಗಿಸಿ ಹನ್ನೊಂದೂವರೆಗೆ ಬೆಂಕಿ ಕೊಟ್ಟೆ. ಅರ್ಧ ಗಂಟೆ ಸರಿಯಾಗಿಯೇ ಉರಿಯಿತು. ನೀರು ಕುಡಿದು ಬರೋಣವೆಂದು ಮನೆಗೆ ಇಳಿದೆ. ಹತ್ತು ನಿಮಿಷ ಆಗಿರಬಹುದು. ಅಷ್ಟರಲ್ಲಿ ಗಾಳಿ ತಿರುಗಿ, ಉರಿಯುತ್ತಿದ್ದ ಸೋಗೆ ಚೂರು ಅಗಳ (ಕಂದಕ) ದಾಟಿ ಪಕ್ಕದ ಮನೆಯವರ ಬೆಟ್ಟಕ್ಕೆ ಬಿದ್ದಿದೆ. ಅಲ್ಲಿ ಕರಡದ ಹುಲ್ಲು ಮೊಣಕಾಲೆತ್ತರ ಒಣಗಿ ನಿಂತಿತ್ತು. ನಾನು ಓಡಿ ಮೇಲೆ ಬರುವ ಹೊತ್ತಿಗೆ ಚಟಚಟ ಅನ್ನುವ ಸದ್ದು ಮಾತ್ರ ಕೇಳುತ್ತಿತ್ತು, ಹೊಗೆಯಲ್ಲಿ ಏನೂ ಕಾಣುತ್ತಿರಲಿಲ್ಲ.

ಊರಿನ ಹದಿನಾಲ್ಕು ಜನ ಸೇರಿ ಹಸಿ ಸೊಪ್ಪಿನಲ್ಲಿ ಬಡಿದು ಬಡಿದು ಆರಿಸುವಷ್ಟರಲ್ಲಿ ನಾಲ್ಕು ಗಂಟೆ. ಎರಡು ಎಕರೆ ಹತ್ತಿರ ಕರಕಲಾಗಿದೆ. ಪಕ್ಕದ ಮನೆ ದೊಡ್ಡಪ್ಪ ಮೂರು ವರ್ಷದಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದ ಆರು ಮುರುಗಲು (ಕೋಕಂ) ಗಿಡವೂ ಅದರಲ್ಲಿದ್ದವು. ಅವರು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ.

ಸಂಜೆ ಫಾರೆಸ್ಟ್ ಗಾರ್ಡ್ ಬಂದರು, ಹೆಸರು, ಸರ್ವೆ ನಂಬರು ಬರೆದುಕೊಂಡು ಹೋದರು. ನಾವ್ಯಾರೂ ಫೋನ್ ಮಾಡಿರಲಿಲ್ಲ. ಅವರಿಗೆ ಗೊತ್ತಾದದ್ದು ಹೇಗೆ? ಮಾಲ್ಕಿ ಜಾಗದಲ್ಲಿ ನಮ್ಮದೇ ಕಸ ಸುಡುವುದಕ್ಕೂ ಕಾನೂನು ಇದೆಯಾ? ಇನ್ನು ಮುಂದೆ ಈ ಸೋಗೆ, ದರಕನ್ನು ಏನು ಮಾಡಬೇಕು? ತಿಳಿದವರು ದಯವಿಟ್ಟು ಹೇಳಿ.

---

ಅಡಿಕೆ ಅಜ್ಜ (ತೀರ್ಥಹಳ್ಳಿ) · ಭಾನುವಾರ ರಾತ್ರಿ 9:48

ತಮ್ಮಾ, ಆಗಿದ್ದು ಆಗಿಹೋಯಿತು, ಯಾರಿಗೂ ಪೆಟ್ಟಾಗಲಿಲ್ಲವಲ್ಲ. ನಾವು ಐವತ್ತು ವರ್ಷದಿಂದ ತೋಟದ ಕಸ ಸುಡುತ್ತಲೇ ಬಂದವರು. ಆಗ ಯಾವ ಗಾರ್ಡೂ ಬಂದು ಸರ್ವೆ ನಂಬರು ಕೇಳುತ್ತಿರಲಿಲ್ಲ. ರೈತನ ಮೇಲೆ ಕೇಸು ಹಾಕುವುದು ಸುಲಭ ಅಂತ ಹಾಕುತ್ತಾರೆ. ಹೆದರಬೇಡ.

---

ಹಳೇಗಸ್ತು · ಭಾನುವಾರ ರಾತ್ರಿ 10:35

ಅಜ್ಜನವರ ಮಾತಿಗೆ ಎದುರಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ನಿವೃತ್ತನಾದವನು ನಾನು. ಇಪ್ಪತ್ತೊಂಬತ್ತು ಬೇಸಿಗೆ ಬೆಂಕಿಯ ಹಿಂದೆ ಓಡಿದ್ದೇನೆ. ತೋಟದಂಚು ತಮ್ಮನ ಮೂರೂ ಪ್ರಶ್ನೆಗೆ ಗೊತ್ತಿದ್ದಷ್ಟು ಹೇಳುತ್ತೇನೆ.

ಗಾರ್ಡಿಗೆ ಗೊತ್ತಾದದ್ದು ಆಕಾಶದಿಂದ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದಲೂ ಉಪಗ್ರಹ ನೋಡಿದ ಬಿಸಿ ಜಾಗಗಳ ಪಟ್ಟಿಯನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಈಗ ಅದು ನೇರ ಮೊಬೈಲಿಗೇ ಸಂದೇಶವಾಗಿ ಬರುತ್ತದೆ. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 375 ಮೀಟರಿನ ಚೌಕ. ಆ ಚೌಕದೊಳಗೆ ನಿಮ್ಮ ತೋಟವೂ ಇರುತ್ತದೆ, ಬೆಟ್ಟವೂ ಇರುತ್ತದೆ, ಆಚೆ ಮೀಸಲು ಅರಣ್ಯವೂ ಇರಬಹುದು. ಉರಿದದ್ದು ಯಾವುದು ಅಂತ ನೋಡಿ ವರದಿ ಬರೆಯಲೇಬೇಕು, ಅದು ಅವನ ಕೆಲಸ. ಬಂದವನನ್ನು ವೈರಿ ಅಂದುಕೊಳ್ಳಬೇಡಿ. ಫೆಬ್ರುವರಿಯಿಂದ ಮಳೆ ಬೀಳುವತನಕ ಅವನಿಗೆ ರಾತ್ರಿ ನಿದ್ದೆ ಇರುವುದಿಲ್ಲ.

ಬೆಂಕಿಯ ವಿಷಯ. ನೀವು ಮಾಡಿದ ತಪ್ಪು ಎರಡು. ಒಂದು, ಹೊತ್ತು. ಬೆಳಗಿನ ಇಬ್ಬನಿ ಆರಿ, ಬಿಸಿಲೇರಿ, ಗಾಳಿ ಏಳುವ ಹೊತ್ತಿಗೆ ಸರಿಯಾಗಿ ಹಚ್ಚಿದ್ದೀರಿ. ನಮ್ಮ ಘಟ್ಟದ ಅಂಚಿನಲ್ಲಿ ಮಧ್ಯಾಹ್ನ ಪಡುಗಾಳಿ ಏಳುತ್ತದೆ ಅಂತ ಎಲ್ಲರಿಗೂ ಗೊತ್ತು, ಆದರೂ ಹತ್ತರಲ್ಲಿ ಎಂಟು ಬೆಂಕಿ ಹನ್ನೊಂದರಿಂದ ಮೂರರ ನಡುವೆಯೇ ಎದ್ದದ್ದನ್ನು ನಾನು ಕಂಡಿದ್ದೇನೆ. ಎರಡನೆಯದು, ಬಿಟ್ಟು ಹೋದದ್ದು. ಉರಿಯುವ ಬೆಂಕಿಯ ಹತ್ತಿರ ಒಬ್ಬ ಮನುಷ್ಯ ಇರಲೇಬೇಕು. ನೀರು ಕುಡಿಯಬೇಕಾದರೆ ಚೊಂಬು ಅಲ್ಲಿಗೇ ಬರಬೇಕು.

ಇನ್ನೊಂದು, ಧರೆಯ ಮೇಲಂಚಿನಲ್ಲಿ ಹಚ್ಚಿದ್ದೀರಿ, ಅಲ್ಲಿಂದ ಬೆಟ್ಟ ಏರು. ಬೆಂಕಿ ಏರನ್ನು ಓಡುತ್ತಾ ಹತ್ತುತ್ತದೆ. ಹತ್ತು ಡಿಗ್ರಿ ಏರಿದ್ದರೆ ಸಪಾಟು ನೆಲಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ವೇಗ. ಕೆಳಗಿನ ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಟ್ಟಿರುತ್ತದೆ. ಅದಕ್ಕೇ ನಿಮ್ಮೂರಿನ ಹದಿನಾಲ್ಕು ಜನಕ್ಕೂ ನನ್ನದೊಂದು ಮಾತು: ಮುಂದಿನ ಸಲ ಬಡಿಯಲು ಹೋದಾಗ ಬೆಂಕಿಯ ಮೇಲ್ಗಡೆ, ಅದರ ಎದುರಿಗೆ ಯಾರೂ ನಿಲ್ಲಕೂಡದು. ಹಿಂದಿನಿಂದ, ಎರಡೂ ಪಕ್ಕದಿಂದ ಬಡಿಯುತ್ತಾ ಮುಂದೆ ಹೋಗಬೇಕು. ಗಾಳಿ ತಿರುಗಿತು ಅನಿಸಿದರೆ ಆಗಲೇ ಸುಟ್ಟು ಕಪ್ಪಾದ ಜಾಗಕ್ಕೆ ನುಗ್ಗಿ. ಅಲ್ಲಿ ಉರಿಯಲು ಇನ್ನೇನೂ ಉಳಿದಿರುವುದಿಲ್ಲ. ಪಾಲಿಸ್ಟರ್ ಲುಂಗಿ, ನೈಟಿ ಉಟ್ಟವರು ಹತ್ತಿರ ಹೋಗಲೇಬಾರದು, ಅದು ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆ, ಕಾಲಿಗೆ ಬೂಟು, ಮೂಗಿಗೆ ಒದ್ದೆ ಟವೆಲ್ಲು.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ನಮ್ಮ ಇಲಾಖೆಯ ಎಳೇ ಹುಡುಗ ಒಬ್ಬ ಅಲ್ಲೇ ತೀರಿಕೊಂಡ. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಕಡೆ ಇನ್ನೊಬ್ಬ ಅರಣ್ಯ ರಕ್ಷಕ ಸುಟ್ಟಗಾಯದಿಂದ ಹೋದ. ಇಬ್ಬರೂ ಕೆಲಸ ಗೊತ್ತಿದ್ದವರೇ.

ದರಕಿನ ವಿಷಯ ನಾಳೆ ಬರೆಯುತ್ತೇನೆ, ಕಣ್ಣು ಎಳೆಯುತ್ತಿದೆ. ಅದಕ್ಕೆ ಮೊದಲು ಒಂದು ಕೆಲಸ: ನಾಳೆ ಬೆಳಿಗ್ಗೆ ಎದ್ದವರೇ ಸುಟ್ಟ ಬೆಟ್ಟಕ್ಕೆ ಒಂದು ಸುತ್ತು ಹೋಗಿ. ಒಣಗಿದ ಬೊಡ್ಡೆಗಳು, ಪೊಟರೆ ಬಿದ್ದ ಮರದ ಬುಡ ನೋಡಿ. ಮೇಲೆ ಏನೂ ಕಾಣದೆ ಬೇರಿನೊಳಗೆ ಮೂರು ನಾಲ್ಕು ದಿನ ಕೆಂಡ ಜೀವ ಹಿಡಿದಿರುತ್ತದೆ. ಬೂದಿಗೆ ಅಂಗೈ ಊರಬೇಡಿ, ಕೈಯ ಹಿಂಬದಿಯನ್ನು ಒಂದು ಗೇಣು ಮೇಲೆ ಹಿಡಿದರೆ ಬಿಸಿ ಗೊತ್ತಾಗುತ್ತದೆ. ಕೆದಕಿ, ನೀರು ಹಾಕಿ, ಮತ್ತೆ ಕೆದಕಿ.

---

ಸಾಗರದ ಅಕ್ಕ · ಸೋಮವಾರ ಬೆಳಿಗ್ಗೆ 7:05

ಗಸ್ತಣ್ಣ, ನೀವು ಬರೆದದ್ದನ್ನು ನಮ್ಮ ಸ್ವಸಹಾಯ ಸಂಘದ ಗುಂಪಿಗೆ ಹಾಕಿದ್ದೇನೆ. ಬೆಂಕಿ ಬಿದ್ದರೆ ಕೊಡ ಹಿಡಿದು ಓಡುವವರು ನಾವು ಹೆಂಗಸರೇ, ಉಟ್ಟ ನೈಟಿಯಲ್ಲೇ ಓಡುತ್ತೇವೆ. ಇದನ್ನು ಯಾರೂ ಹೇಳಿರಲಿಲ್ಲ.

---

ಕಾನೂನು ಕಟ್ಟೆ (ಶಿವಮೊಗ್ಗ) · ಸೋಮವಾರ ಬೆಳಿಗ್ಗೆ 8:30

ವಕೀಲಿ ವೃತ್ತಿಯವನು. ಕಾನೂನಿನ ಭಾಗ ನಾನು ಹೇಳುತ್ತೇನೆ.

ಮಾಲ್ಕಿ ಜಾಗದಲ್ಲಿ ಒಲೆ ಹಚ್ಚಬೇಡಿ, ಕಸಕ್ಕೆ ಬೆಂಕಿ ಇಡಬೇಡಿ ಅಂತ ಅರಣ್ಯ ಕಾಯ್ದೆ ಹೇಳುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಇಡುವುದು ಅಪರಾಧ. ಅರಣ್ಯಕ್ಕೆ ಅಪಾಯ ಆಗುವಂತೆ ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದೂ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮು ಇದೇ ಮಾತನ್ನು ಇನ್ನೂ ಬಿಗಿಯಾಗಿ ಹೇಳುತ್ತದೆ, ರಾಷ್ಟ್ರೀಯ ಉದ್ಯಾನಕ್ಕೂ ಅದು ಅನ್ವಯ.

ತೋಟದಂಚು ಅವರ ಪ್ರಕರಣದಲ್ಲಿ ಗಂಟು ಇರುವುದು ‘ಬೆಟ್ಟ’ ಎಂಬ ಪದದಲ್ಲಿ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಆದರೆ ಅದು ಸೊಪ್ಪು, ದರಕು, ಹುಲ್ಲಿನ ಸವಲತ್ತು. ನೆಲದ ಒಡೆತನ ಸರ್ಕಾರದ್ದು, ಲೆಕ್ಕದಲ್ಲಿ ಅದು ಅರಣ್ಯ. ಹಾಗಾಗಿ ನಿಮ್ಮ ಮನಸ್ಸಿನಲ್ಲಿ ‘ಪಕ್ಕದ ಮನೆಯವರ ಬೆಟ್ಟ’ ಸುಟ್ಟಿತು, ಗಾರ್ಡ್ ಪುಸ್ತಕದಲ್ಲಿ ‘ಅರಣ್ಯ’ ಸುಟ್ಟಿತು. ಎರಡೂ ನಿಜ.

ಕಾಡು ಹತ್ತಿರ ಇಲ್ಲದವರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು, ಅಂದರೆ ಹಳೇ ದಂಡಸಂಹಿತೆಯ 285, ಅಜಾಗರೂಕತೆಯಿಂದ ಬೆಂಕಿ ಬಳಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, ಗಾಯ ಅಥವಾ ಹಾನಿಯಾಗುವ ಹಾಗೆ ಮಾಡಿದರೆ ಆರು ತಿಂಗಳವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಎನ್ನುತ್ತದೆ. ಬೇಕೆಂದೇ ಹಚ್ಚಿ ನಷ್ಟ ಮಾಡಿದರೆ ಅದು ಬೇರೆ ಕಲಮು, ಏಳು ವರ್ಷದವರೆಗೂ ಹೋಗುತ್ತದೆ. ನೀವು ಮಾಡಿದ್ದು ಅಂಥದ್ದಲ್ಲ. ಆದರೂ ನನ್ನ ಸಲಹೆ: ಕರೆದಾಗ ಹೋಗಿ, ಆದದ್ದನ್ನು ಇದ್ದ ಹಾಗೆ ಹೇಳಿ. ಊರವರೆಲ್ಲ ಸೇರಿ ಆರಿಸಿದ್ದನ್ನೂ ಹೇಳಿಕೆಯಲ್ಲಿ ಬರೆಸಿ. ಅರಣ್ಯದಲ್ಲಿ ಸವಲತ್ತು ಇರುವವರು ಬೆಂಕಿ ಕಂಡರೆ ತಿಳಿಸಬೇಕು, ಆರಿಸಲು ನೆರವಾಗಬೇಕು ಅಂತ ಅರಣ್ಯ ಕಾಯ್ದೆಯಲ್ಲಿದೆ. ಫೋನ್ ಮಾಡಿರದಿದ್ದರೂ ಆರಿಸುವ ಕೆಲಸವನ್ನು ನೀವು ಮಾಡಿದ್ದೀರಿ.

---

ಅಡಿಕೆ ಅಜ್ಜ (ತೀರ್ಥಹಳ್ಳಿ) · ಸೋಮವಾರ ಬೆಳಿಗ್ಗೆ 9:10

ವಕೀಲರು ಹೇಳಿದ್ದು ಸರಿ ಇರಬಹುದು. ಗಸ್ತಿನವರಿಗೆ ಒಂದು ಕೇಳಬೇಕು. ನಿಮ್ಮ ಇಲಾಖೆಯೇ ಕಾಡಿನಲ್ಲಿ ಬೆಂಕಿ ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ತಪ್ಪಲ್ಲ, ನಮ್ಮದು ಮಾತ್ರ ತಪ್ಪೇ?

---

ಹಳೇಗಸ್ತು · ಸೋಮವಾರ ಬೆಳಿಗ್ಗೆ 10:02

ನ್ಯಾಯವಾದ ಪ್ರಶ್ನೆ ಅಜ್ಜಾ. ನೀವು ನೋಡಿದ್ದು ಬೆಂಕಿ ರೇಖೆ. ಡಿಸೆಂಬರ್, ಜನವರಿಯಲ್ಲಿ ನೆಲದಲ್ಲಿ ಇನ್ನೂ ತೇವ ಇರುವಾಗ ರಸ್ತೆಯಂಚು, ಗಡಿಯಂಚಿನ ಹುಲ್ಲು ಸವರಿ, ಅದನ್ನು ಮಧ್ಯಕ್ಕೆ ಎಳೆದು, ಜನ ನಿಲ್ಲಿಸಿಕೊಂಡು ಪಟ್ಟಿಯಷ್ಟನ್ನೇ ಸುಡುವುದು. ಮಾರ್ಚಿನಲ್ಲಿ ಯಾರೋ ಬೀಡಿ ಎಸೆದು ಬೆಂಕಿ ಹತ್ತಿದರೂ ಆ ಬೋಳು ಪಟ್ಟಿಗೆ ಬಂದು ನಿಲ್ಲಲಿ ಅಂತ. 2019ರ ಫೆಬ್ರುವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ನೆನಪಿದೆಯಲ್ಲ? ಸಾವಿರಾರು ಎಕರೆ ಹೋಯಿತು, ಕಡೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ದೊಡ್ಡ ಬಕೆಟ್ಟಿನಲ್ಲಿ ನೀರು ಸುರಿಯಬೇಕಾಯಿತು. ಗಾಳಿ ಜೋರಿದ್ದರೆ ರೇಖೆಯನ್ನೂ ಬೆಂಕಿ ಹಾರುತ್ತದೆ. ರೇಖೆಯೇ ಇಲ್ಲದಿದ್ದರೆ ನಿಲ್ಲಲು ಜಾಗವೇ ಇಲ್ಲ.

ನಿಮ್ಮ ಕಾಲದಲ್ಲಿ ಐವತ್ತು ವರ್ಷ ಸುಟ್ಟರೂ ಏನೂ ಆಗಲಿಲ್ಲ ಅಂದಿರಿ. ಅದೂ ನಿಜವೇ. ಆಗ ಬ್ಯಾಣದ (ಹುಲ್ಲುಗಾವಲಿನ) ಕರಡವನ್ನು ಮನೆಮನೆಯ ದನ ಮೇಯುತ್ತಿದ್ದವು, ಉಳಿದದ್ದನ್ನು ಹೊದಿಕೆಗೆ ಕೊಯ್ಯುತ್ತಿದ್ದರು. ದರಕನ್ನು ಕೊಟ್ಟಿಗೆಗೆ ಹೊತ್ತು ತರುತ್ತಿದ್ದರು. ಬೆಟ್ಟ ಗುಡಿಸಿದ ಹಾಗೆ ಇರುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ಒಂದು ಹಸು, ಎಷ್ಟೋ ಮನೆಯಲ್ಲಿ ಅದೂ ಇಲ್ಲ. ದರಕು ತರುವ ಆಳು ಸಿಗುವುದಿಲ್ಲ. ಐದಾರು ವರ್ಷದ ಎಲೆ, ಹುಲ್ಲು ಅಲ್ಲೇ ಕೂತಿದೆ. ಕಡ್ಡಿ ಅದೇ, ಬೆಟ್ಟ ಅದಲ್ಲ.

---

ಬಿಳಿಗಿರಿ (ಚಾಮರಾಜನಗರ) · ಸೋಮವಾರ ಮಧ್ಯಾಹ್ನ 1:15

ಇಲ್ಲಿ ಒಂದು ಮಾತು ಸೇರಿಸಬೇಕು ಅನಿಸಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ‘ತರಗು ಬೆಂಕಿ’ ಅಂತ ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ತರಗೆಲೆ ತೆಳುವಾಗಿರುವಾಗ, ನೆಲಮಟ್ಟದಲ್ಲಿ ಮೆಲ್ಲಗೆ ಹರಿದು ಹೋಗುವ ಬೆಂಕಿ. ಮರ ಸುಡುತ್ತಿರಲಿಲ್ಲ. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಎದ್ದು ಕಾಡು ತುಂಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಅಂತ ಹಿರಿಯ ಸೋಲಿಗರು ಇವತ್ತಿಗೂ ಹೇಳುತ್ತಾರೆ. ಸಂಶೋಧಕರೂ ಅವರ ಮಾತನ್ನು ದಾಖಲಿಸಿದ್ದಾರೆ. ಬೆಂಕಿ ಅಂದ ಕೂಡಲೇ ಕಾಡಿನ ಜನರನ್ನು ಕಳ್ಳರ ಹಾಗೆ ನೋಡುವುದು ನಿಲ್ಲಬೇಕು. ಅವರಷ್ಟು ಬೆಂಕಿ ಗೊತ್ತಿರುವವರು ಯಾರಿದ್ದಾರೆ?

---

ಹಳೇಗಸ್ತು · ಸೋಮವಾರ ಮಧ್ಯಾಹ್ನ 2:40

ಒಪ್ಪುತ್ತೇನೆ. ನನ್ನ ಜೊತೆ ಬೆಂಕಿ ಕಾವಲಿಗೆ ಬರುತ್ತಿದ್ದವರಲ್ಲಿ ಗಾಳಿಯ ವಾಸನೆ ಹಿಡಿದೇ ದಿಕ್ಕು ಹೇಳುತ್ತಿದ್ದ ಒಬ್ಬರಿದ್ದರು. ಅವರಿಂದ ಕಲಿತಷ್ಟನ್ನು ತರಬೇತಿಯಲ್ಲಿ ಕಲಿಯಲಿಲ್ಲ. ಆದರೆ ಈಗ ಆಳೆತ್ತರದ ಲಂಟಾನ ಒಣಗಿ ನಿಂತಿರುವಾಗ ಅದೇ ತರಗು ಬೆಂಕಿ ಹಾಕಿದರೂ ನೆಲದಲ್ಲಿ ಉಳಿಯುವುದಿಲ್ಲ, ಏಣಿ ಸಿಕ್ಕ ಹಾಗೆ ಮರದ ನೆತ್ತಿಗೆ ಹತ್ತುತ್ತದೆ. ಮೊದಲು ಲಂಟಾನ ಕಿತ್ತು, ಸೋಲಿಗರನ್ನೇ ಕೂರಿಸಿಕೊಂಡು ಯೋಚಿಸಬೇಕಾದ ವಿಷಯ ಅದು.

---

ಸಾಗರದ ಅಕ್ಕ · ಸೋಮವಾರ ಸಂಜೆ 5:30

ನಮ್ಮ ಕಡೆ ದರಕು ಸುಡುವುದಕ್ಕೆ ಇನ್ನೊಂದು ಕಾರಣ ಇದೆ, ಯಾರೂ ಹೇಳಲಿಲ್ಲ. ಮಂಗನ ಕಾಯಿಲೆ. 2019ರಲ್ಲಿ ಅರಳಗೋಡು ಕಡೆ ಅಷ್ಟು ಸಾವಾದ ಮೇಲೆ ದರಕು ಮುಟ್ಟುವುದೆಂದರೆ ಎಲ್ಲರಿಗೂ ಭಯ. ಆ ಕಾಯಿಲೆ ಹರಡುವ ಉಣುಗು (ಉಣ್ಣೆ) ಇರುವುದು ಅದರಲ್ಲೇ ಅಲ್ಲವಾ? ಹಾಗಾಗಿ ಡಿಸೆಂಬರ್ ಬಂತೆಂದರೆ ಮನೆ ಸುತ್ತ ಬೆಂಕಿ ಹಾಕಿಬಿಡುತ್ತಾರೆ. ನಾನೂ ಹಾಕಿದ್ದೆ. ಆದರೆ ಹಿತ್ತಲಿನ ಬಾಳೆಬುಡ, ಪಂಪಿನ ಪೈಪು ಎಲ್ಲ ಕರಗಿ ಹೋದ ಮೇಲೆ ಬಿಟ್ಟೆ. ಈಗ ಏನು ಮಾಡುತ್ತೇನೆಂದರೆ, ಮಳೆಗಾಲ ಮುಗಿದ ಕೂಡಲೇ ಮನೆ ಸುತ್ತ ಎಲೆ ಬೀಳುವ ಮೊದಲೇ ಹುಲ್ಲು ಸವರಿಸುವುದು, ಬಿದ್ದದ್ದನ್ನು ದಿನಾ ಉದ್ದನೆಯ ಕೋಲಿನ ಜಾಲರಿಯಲ್ಲಿ ಎಳೆದು ಗುಂಡಿಗೆ ತಳ್ಳುವುದು. ಉಣುಗು ಹತ್ತದ ಹಾಗೆ ಕೈಕಾಲಿಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಮುಗಿದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತು ಬಿದ್ದದ್ದು ಕಂಡರೆ ಮಾತ್ರ ನೀವೇ ಸುಡಲು ಹೋಗಬೇಡಿ, ಮುಟ್ಟಲೂ ಬೇಡಿ. ಪಂಚಾಯ್ತಿಗೋ ಆಶಾ ಕಾರ್ಯಕರ್ತೆಗೋ ಹೇಳಿ.

ಗಸ್ತಣ್ಣ, ಚೇರೆ ಮರದ ಕಟ್ಟಿಗೆ ಬಗ್ಗೆಯೂ ಬರೆಯಿರಿ. ನಮ್ಮ ಅತ್ತೆಗೆ ಅದರ ಹೊಗೆ ತಾಗಿ ಮುಖವೆಲ್ಲ ಬಾತು ಎರಡು ದಿನ ಕಣ್ಣು ತೆರೆಯಲಾಗಲಿಲ್ಲ.

---

ರವದಿ ರೈತ (ಮುಧೋಳ) · ಸೋಮವಾರ ರಾತ್ರಿ 8:12

ನಮ್ಮ ಕಡೆ ಕಾಡಿಲ್ರೀ, ಕಬ್ಬೇ ಕಾಡು. ಕಬ್ಬು ಕಡಿದು ಹೋದ ಮ್ಯಾಲ ರವದಿ (ಕಬ್ಬಿನ ಒಣ ಎಲಿ) ಸುಡೂದು ಎಲ್ಲಾರೂ ಮಾಡ್ತಾರ. ನಾನೂ ಮಾಡ್ತಿದ್ನಿ. ನಾಕು ವರ್ಷದ ಹಿಂದ ನಮ್ಮ ಹೊಲದ ಬೆಂಕಿ ಬದು ದಾಟಿ ನಮ್ಮ ಕಾಕಾನ ನಿಂತ ಕಬ್ಬಿಗೆ ಹೊಕ್ತು. ಸುಟ್ಟ ಕಬ್ಬು ಅಂದ್ರ ಗೊತ್ತಲ್ರೀ, ಅವತ್ತಿಂದವತ್ತೇ ಕಡದು ಸಾಗಸಬೇಕು, ದಿನಾ ಹೋದಂಗ ತೂಕ ಇಳಿತೈತಿ, ಫ್ಯಾಕ್ಟರಿಯಾಗ ರೇಟೂ ಕಡಿಮಿ ಹಿಡೀತಾರ. ಎರಡು ವರ್ಷ ಕಾಕಾನ ಮನಿಗೂ ನಮ್ಮ ಮನಿಗೂ ಮಾತಿರಲಿಲ್ಲ.

ಅವತ್ತಿನಿಂದ ರವದಿಗೆ ಕಡ್ಡಿ ಹಚ್ಚಿಲ್ಲ. ಟ್ರ್ಯಾಕ್ಟರ್ ಹಿಂದ ಹಾಕೋ ರವದಿ ಪುಡಿ ಮಾಡೋ ಮಷಿನ್ ಬಾಡಿಗಿಗಿ ತರ್ತೀನಿ, ಸಾಲು ಬಿಟ್ಟು ಸಾಲಿಗೆ ಹಾಸ್ತೀನಿ. ನೆಲದಾಗ ಹಸಿ ಉಳೀತೈತಿ, ಕುಳೆ ಕಬ್ಬಿಗೆ ಒಂದೆರಡು ನೀರು ಉಳಿದಾವು. ಡ್ರಿಪ್ ಪೈಪ್ ಹಾಸಿದವರಂತೂ ಬೆಂಕಿ ಮಾತೇ ಎತ್ತಬಾರದು. ಇನ್ನೊಂದು, ಹೊಲದ ಮ್ಯಾಲ ವಾಯರ್ ಜೋತು ಬಿದ್ದಿದ್ರ ಲೈನ್‌ಮನ್‌ಗೆ ಬರೀ ಬಾಯಿಲೆ ಹೇಳಿ ಸುಮ್ಮನಾಗಬ್ಯಾಡ್ರಿ, ಅರ್ಜಿ ಬರದು ಸಹಿ ಹಾಕಿಸಿಕೊಂಡು ಒಂದು ಪ್ರತಿ ಇಟಗೋರಿ. ಗಾಳಿಗೆ ವಾಯರ್ ವಾಯರ್ ಬಡದು ಕಿಡಿ ಬಿದ್ರ ಆ ಕಾಗದ ಇದ್ದವಗ ಪರಿಹಾರ ಕೇಳಾಕ ಬಾಯಿ ಇರತೈತಿ.

---

ಜಯನಗರ ನಿವಾಸಿ · ಸೋಮವಾರ ರಾತ್ರಿ 9:00

ಬೆಂಗಳೂರಿನಲ್ಲೂ ಇದೇ ಗೋಳು. ಫೆಬ್ರುವರಿಯಲ್ಲಿ ರಸ್ತೆ ಬದಿಯ ಮರಗಳ ಎಲೆ ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕಿಬಿಡುತ್ತಾರೆ, ಪ್ಲಾಸ್ಟಿಕ್ ಸಮೇತ. ನನ್ನ ಮಗಳಿಗೆ ಉಬ್ಬಸ, ಆ ವಾರವೆಲ್ಲ ಕಿಟಕಿ ಮುಚ್ಚಿಕೊಂಡೇ ಇರಬೇಕು. ಇದಕ್ಕೆ ಏನಾದರೂ ನಿಯಮ ಇದೆಯಾ ಸರ್?

---

ಕಾನೂನು ಕಟ್ಟೆ (ಶಿವಮೊಗ್ಗ) · ಸೋಮವಾರ ರಾತ್ರಿ 9:25

ಇದೆ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿತು. ಸಾಮಾನ್ಯ ಸುಡುವಿಕೆಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ. ಗುಡಿಸುವವರ ಮೇಲೆ ಎಗರಬೇಡಿ ಮೇಡಂ, ಎಲೆ ತುಂಬಲು ಚೀಲ, ಒಯ್ಯಲು ಗಾಡಿ ಕೊಡದವರನ್ನು ಕೇಳಿ. ದಿನಾಂಕ ಕಾಣುವ ಫೋಟೋ ಜೊತೆ ಪಾಲಿಕೆಗೆ ಬರೆಯಿರಿ. ಎಷ್ಟೋ ಬಡಾವಣೆಗಳಲ್ಲಿ ಪಾರ್ಕಿನ ಮೂಲೆಯಲ್ಲಿ ತಂತಿ ಬಲೆಯ ಎಲೆಗೊಬ್ಬರದ ಪಂಜರ ಇಟ್ಟಿದ್ದಾರೆ, ನಿವಾಸಿಗಳ ಸಂಘದಿಂದ ನೀವೂ ಇಡಬಹುದು.

---

ಕಾಫಿಗಿಡ (ಮೂಡಿಗೆರೆ) · ಮಂಗಳವಾರ ಬೆಳಿಗ್ಗೆ 6:50

ನಾವು ಹೋಂಸ್ಟೇ ನಡೆಸುವವರು. ಬಂದವರೆಲ್ಲ ಮೊದಲು ಕೇಳುವುದು ಕ್ಯಾಂಪ್‌ಫೈರ್ ಇದೆಯಾ ಅಂತ. ಸಿಲ್ವರ್ ಓಕ್ ಮರದ ಎಲೆ ಫೆಬ್ರುವರಿಯಲ್ಲಿ ಹಪ್ಪಳದ ಹಾಗೆ ಒಣಗಿರುತ್ತದೆ, ಒಂದು ಕಿಡಿ ಸಾಕು. ನಮ್ಮ ಕ್ರಮ ಹೇಳುತ್ತೇನೆ. ಅಂಗಳದ ನಡುವೆ ಟ್ರ್ಯಾಕ್ಟರ್ ಚಕ್ರದ ಹಳೇ ರಿಮ್ ಕೂರಿಸಿದ್ದೇವೆ, ಅದರ ಹೊರಗೆ ಬೆಂಕಿ ಇಲ್ಲ. ಸುತ್ತ ಹತ್ತು ಅಡಿ ನೆಲ ಗುಡಿಸಿ ಒದ್ದೆ ಮಾಡುತ್ತೇವೆ. ಹೊಳೆಯ ಕಲ್ಲು ಸುತ್ತ ಜೋಡಿಸಬೇಡಿ, ಒಳಗೆ ನೀರು ಹಿಡಿದ ಕಲ್ಲು ಬಿಸಿಗೆ ಸಿಡಿಯುತ್ತದೆ. ಪೆಟ್ರೋಲ್, ಸ್ಯಾನಿಟೈಸರ್ ಹಾಕಿ ಉರಿ ಎಬ್ಬಿಸುವವರನ್ನು ಬೇಸರ ಮಾಡಿಕೊಂಡರೂ ಸರಿ ಅಂತ ತಡೆಯುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗನ ಮುಂಗೈ ನನ್ನ ಕಣ್ಣೆದುರಿಗೇ ಹೊತ್ತಿಕೊಂಡಿತು. ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹಿಡಿಸಿ, ಒದ್ದೆ ಬಿಳಿ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ದೆವು. ಯಾರೋ ಟೂತ್‌ಪೇಸ್ಟ್ ತಂದಿದ್ದರು, ಹಚ್ಚಲು ಬಿಡಲಿಲ್ಲ. ಅದೇ ಸರಿಯಾಯಿತು ಅಂತ ಡಾಕ್ಟರ್ ಹೇಳಿದರು.

ಕಳೆದ ಬೇಸಿಗೆಯಿಂದ ಫೆಬ್ರುವರಿ ಹದಿನೈದರಿಂದ ಕಾಫಿ ಹೂ ಅರಳಿಸುವ ಹೂಮಳೆ ಬೀಳುವತನಕ ಕ್ಯಾಂಪ್‌ಫೈರ್ ಪೂರ್ತಿ ಬಂದ್. ಬುಕಿಂಗ್ ಸ್ವಲ್ಪ ಇಳಿಯಿತು, ಇಳಿಯಲಿ. ಎದುರಿಗೇ ಚಾರ್ಮಾಡಿ ಕಡೆಯ ಗುಡ್ಡ ರಾತ್ರಿಯಿಡೀ ಕೆಂಪು ಗೆರೆಯಾಗಿ ಉರಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಚಾರಣಿಗರಿಗೂ ಒಂದು ಮಾತು. ಬೇಸಿಗೆಯಲ್ಲಿ ಚಾರಣ ದಾರಿ ಮುಚ್ಚಿದರು ಅಂತ ಸಿಟ್ಟಾಗಬೇಡಿ. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಹತ್ತಿರ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಎಲ್ಲರೂ ನಡೆಯಲು ಹೋದವರೇ.

---

ಕಿಚ್ಚು (ಮಂಡ್ಯ) · ಮಂಗಳವಾರ ಬೆಳಿಗ್ಗೆ 8:15

ಸಂಕ್ರಾಂತಿಗೆ ನಾವು ಕಿಚ್ಚು ಹಾಯಿಸ್ತೀವಿ. ಈ ವರ್ಷದಿಂದ ಊರೊಳಗಿನ ಬೀದಿ ಬಿಟ್ಟು ಕೆರೆ ಏರಿ ಕೆಳಗಿನ ಬಯಲಿಗೆ ಬದಲಾಯಿಸಿಕೊಂಡ್ವಿ, ಹುಲ್ಲಿನ ಮೆದೆಗಳಿಂದ ದೂರ. ನೀರಿನ ಟ್ಯಾಂಕರ್ ಟ್ರ್ಯಾಕ್ಟರ್ ನಿಲ್ಲಿಸಿಕೊಂಡೇ ಹುಲ್ಲಿಗೆ ಬೆಂಕಿ ಇಟ್ಟಿದ್ದು. ಹಿರಿಯರು ಮೊದಲು ಒಪ್ಪಲಿಲ್ಲ, ಆಮೇಲೆ ಅವರೇ ಮುಂದೆ ನಿಂತು ಮಾಡಿಸಿದರು. ದನಗಳಿಗೂ ಓಡಲು ಜಾಗ ಆಯ್ತು.

---

ಹಳೇಗಸ್ತು · ಮಂಗಳವಾರ ಬೆಳಿಗ್ಗೆ 9:30

ದರಕಿನ ವಿಷಯ ಬಾಕಿ ಇತ್ತು.

ತೋಟದಂಚು ತಮ್ಮಾ, ಸೋಗೆ, ದರಕು ಕಸ ಅಲ್ಲ. ನೀವು ಬೇಸಿಗೆಯಲ್ಲಿ ಸುಟ್ಟು, ಮಳೆಗಾಲದಲ್ಲಿ ದುಡ್ಡು ಕೊಟ್ಟು ಗೊಬ್ಬರ ತರುತ್ತೀರಿ. ಸೋಗೆಯನ್ನು ಎರಡು ಮೂರು ತುಂಡು ಮಾಡಿ ಅಡಿಕೆ ಬುಡಕ್ಕೆ ಹಾಸಿದರೆ ಮಾರ್ಚ್ ಬಿಸಿಲಿಗೆ ಬೇರು ಸುಡುವುದಿಲ್ಲ. ದರಕನ್ನು ಗುಂಡಿಗೆ ಹಾಕಿ, ಪದರಕ್ಕೊಮ್ಮೆ ಸಗಣಿ ನೀರು ಎರಚಿ, ಮೇಲೆ ಮಣ್ಣು ಮುಚ್ಚಿ. ಮುಳ್ಳುಕಂಟಿ ಒಂದೇ ತಲೆನೋವು. ಅದನ್ನು ಧರೆಯಿಂದ ಕೆಳಗೆ, ಗದ್ದೆಯ ನಡುವೆ ಒಟ್ಟಿಟ್ಟು, ಮೊದಲ ಮಳೆ ಬಿದ್ದು ನೆಲ ನೆನೆದ ಮೇಲೆ ಬೆಳಗಿನ ಹೊತ್ತು ಸುಡಿ. ಅಲ್ಲಿಯತನಕ ಕಾಯಲಾಗದೆ ಸುಡಲೇಬೇಕಾದರೆ ಹಿಂದಿನ ದಿನ ಗಾರ್ಡಿಗೂ ಅಕ್ಕಪಕ್ಕದವರಿಗೂ ಹೇಳಿ, ಸುತ್ತ ಮಣ್ಣು ಕಾಣುವ ಹಾಗೆ ಎರಡು ಮಾರು ಕೆರೆದು, ಬೋರ್ಡೋ ಔಷಧಿ ಹೊಡೆಯುವ ಕ್ಯಾನಿನಲ್ಲಿ ನೀರು ತುಂಬಿ ಪಕ್ಕದಲ್ಲಿಟ್ಟುಕೊಂಡು, ಸಣ್ಣ ಸಣ್ಣ ರಾಶಿಯಾಗಿ, ಏಳು ಗಂಟೆಗೆ ಶುರು ಮಾಡಿ ಒಂಬತ್ತಕ್ಕೆ ಆರಿಸಿ. ಕ್ಯಾನ್ ಚೆನ್ನಾಗಿ ತೊಳೆದಿರಬೇಕು.

ಸುಡುಮಣ್ಣು (ಕಸದ ಮೇಲೆ ಮಣ್ಣು ಮುಚ್ಚಿ ಸುಟ್ಟ ಗೊಬ್ಬರ) ಮಾಡುವವರಿಗೂ ಇದೇ ಕ್ರಮ. ಮಣ್ಣು ಮುಚ್ಚಿದ್ದೇವೆ ಅಂತ ರಾತ್ರಿ ಬಿಟ್ಟು ಹೋಗಬೇಡಿ, ಒಳಗೆ ಕೆಂಡ ಇರುತ್ತದೆ. ಸಾಗರದ ಅಕ್ಕ ಹೇಳಿದ ಚೇರೆ, ಗೇರು ಜಾತಿಯ ಕಟ್ಟಿಗೆಯನ್ನು ರಾಶಿಯಿಂದ ಆರಿಸಿ ತೆಗೆಯಿರಿ, ಅದರ ಹೊಗೆ ಕೆಟ್ಟದ್ದು.

ಬೆಂಕಿ ಕೈ ಮೀರಿತು ಅನಿಸಿದರೆ ಮೊದಲು ಫೋನು, ಆಮೇಲೆ ಸೊಪ್ಪು. ಊರಿಗೆ, ಮನೆಗೆ ಹತ್ತಿರವಾದರೆ 112. ಕಾಡಾದರೆ ಅರಣ್ಯ ಇಲಾಖೆಯ 1926. ಬೈಯುತ್ತಾರೆ ಅಂತ ಅರ್ಧ ಗಂಟೆ ಸುಮ್ಮನಿದ್ದು ಆಮೇಲೆ ಹೇಳುವವರೇ ಜಾಸ್ತಿ. ಆ ಅರ್ಧ ಗಂಟೆಯಲ್ಲೇ ಹತ್ತೆಕರೆ ಹೋಗುವುದು.

---

ಅಡಿಕೆ ಅಜ್ಜ (ತೀರ್ಥಹಳ್ಳಿ) · ಮಂಗಳವಾರ ಬೆಳಿಗ್ಗೆ 11:00

ಗಸ್ತಿನವರೇ, ಬೆಟ್ಟ ಅದಲ್ಲ ಅಂದಿರಲ್ಲ, ನಿನ್ನೆಯಿಡೀ ಅದೇ ತಲೆಯಲ್ಲಿತ್ತು. ಇವತ್ತು ಬೆಳಿಗ್ಗೆ ಮೊಮ್ಮಗನನ್ನು ಕರೆದುಕೊಂಡು ನಮ್ಮ ಬೆಟ್ಟಕ್ಕೆ ಹೋಗಿದ್ದೆ. ಕೋಲು ಊರಿದರೆ ದರಕಿನಲ್ಲಿ ಒಂದು ಮೊಳ ಇಳಿಯಿತು. ಈ ವರ್ಷ ನಾವು ಬೆಂಕಿ ಹಾಕುವುದಿಲ್ಲ. ಅಂಚಿನ ಹುಲ್ಲು ಸವರಲು ಇಬ್ಬರಿಗೆ ಹೇಳಿದ್ದೇನೆ.

---

ತೋಟದಂಚು (ಸಿದ್ದಾಪುರ) · ಶನಿವಾರ ಸಂಜೆ 6:40

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಈ ವಾರವೆಲ್ಲ ಬೆಟ್ಟದಲ್ಲೇ ಆಯಿತು.

ಸೋಮವಾರ ಬೆಳಿಗ್ಗೆ ಗಸ್ತಣ್ಣ ಹೇಳಿದ ಹಾಗೆ ಸುತ್ತು ಹೊಡೆದೆವು. ಒಂದು ಹಳೇ ಮತ್ತಿಯ ಬೊಡ್ಡೆಯಿಂದ ನೂಲಿನಷ್ಟು ಹೊಗೆ ಬರುತ್ತಿತ್ತು. ಕೆದಕಿದರೆ ಒಳಗೆ ಬೆಲ್ಲದಚ್ಚಿನಷ್ಟು ದೊಡ್ಡ ಕೆಂಡ. ಅದರಾಚೆ ಹತ್ತು ಹೆಜ್ಜೆಗೆ ಸುಡದ ಕರಡ ಇತ್ತು. ಎಂಟು ಕೊಡ ನೀರು ಕುಡಿಯಿತು ಆ ಬೊಡ್ಡೆ.

ಬುಧವಾರ ರೇಂಜ್ ಆಫೀಸಿಗೆ ಹೋಗಿ ಆದದ್ದನ್ನು ಇದ್ದ ಹಾಗೆ ಹೇಳಿಕೆ ಕೊಟ್ಟೆ. ಮುಂದೇನು ಅಂತ ತಿಳಿಸುತ್ತೇವೆ ಅಂದಿದ್ದಾರೆ. ಅದೇ ಗಾರ್ಡ್ ಗುರುವಾರ ಬಂದು ಬೆಂಕಿ ರೇಖೆ ಎಲ್ಲಿಂದ ಎಲ್ಲಿಗೆ ಬರಬೇಕು ಅಂತ ನಡೆದು ತೋರಿಸಿದರು. ಊರಿನ ಏಳು ಮನೆಯವರು ಸೇರಿ ಎರಡು ದಿನದಲ್ಲಿ ಕಾಲು ಕಿಲೋಮೀಟರ್ ಸವರಿದ್ದೇವೆ, ಸುಟ್ಟಿಲ್ಲ, ಹುಲ್ಲನ್ನು ಹೊತ್ತು ಕೊಟ್ಟಿಗೆಗೆ ತಂದಿದ್ದೇವೆ. ಸೋಗೆಯನ್ನೆಲ್ಲ ಬುಡಕ್ಕೆ ಹಾಸುತ್ತಿದ್ದೇನೆ.

ದೊಡ್ಡಪ್ಪನ ಜೊತೆ ಮುರುಗಲು ಗಿಡ ನೋಡಲು ಹೋಗಿದ್ದೆ. ಎಲೆ ಎಲ್ಲ ಕಂದಿ ನೇತಾಡುತ್ತಿದೆ. ಅವರು ಕತ್ತಿಯ ತುದಿಯಲ್ಲಿ ಒಂದೊಂದರ ತೊಗಟೆಯನ್ನೂ ಉಗುರಿನಷ್ಟು ಕೆರೆದರು. ನಾಲ್ಕರಲ್ಲಿ ಒಳಗೂ ಕಂದು. ಎರಡರಲ್ಲಿ ಹಸಿರು ಇದೆ. ಬದುಕಿಸಲು ಏನು ಮಾಡಬೇಕು, ಗೊತ್ತಿದ್ದವರು ಹೇಳಿ.

---

ಹಳೇಗಸ್ತು · ಶನಿವಾರ ಸಂಜೆ 7:15

ಕೊಂಬೆ ಈಗಲೇ ಕಡಿಯಬೇಡಿ. ತೆಂಗಿನ ಗರಿ ಕಟ್ಟಿ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಬುಡದ ಬೂದಿ ಸರಿಸಿ, ಹಸಿ ಎಲೆ ಮುಚ್ಚಿ, ಮೂರು ದಿನಕ್ಕೊಮ್ಮೆ ಒಂದು ಕೊಡ ನೀರು. ಮಳೆಗಾಲದಲ್ಲಿ ಎಲ್ಲಿ ಚಿಗುರುತ್ತದೋ ಅಲ್ಲಿಂದ ಮೇಲೆ ಕತ್ತರಿಸಿದರೆ ಸಾಕು. ಉಳಿದ ನಾಲ್ಕಕ್ಕೆ ಗುಂಡಿ ಈಗಲೇ ತೋಡಿಡಿ, ಜೂನಿನಲ್ಲಿ ಇಲಾಖೆಯ ನರ್ಸರಿಯಲ್ಲಿ ಸಸಿ ಕೇಳಿ ನೋಡಿ.

ಆ ಮತ್ತಿ ಬೊಡ್ಡೆಯನ್ನು ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡಿ ಬನ್ನಿ.